ಲ್ಯಾಬಿನ ಬೀಗದಕೈ ಇತಿಹಾಸದ ಮೇಡಂ ಕೈಗೆ ಕೊಡಿ

ಬೆಂಗಳೂರಿನಲ್ಲಿ ಡೇಟಾ ಸೈನ್ಸ್, ಅಂದರೆ ದತ್ತಾಂಶ ವಿಜ್ಞಾನ, ಎಂಬ ಫಲಕವಿಲ್ಲದ ಕಾಲೇಜನ್ನು ಹುಡುಕುವುದು ಈಗ ಕಷ್ಟ. ಪ್ರವೇಶದ ತಿಂಗಳುಗಳಲ್ಲಿ ಬಸ್ಸಿನ ಹಿಂಬದಿ, ಮೆಟ್ರೊ ಕಂಬ, ವೃತ್ತದ ಹೋರ್ಡಿಂಗ್, ಎಲ್ಲೆಡೆ ಅದೇ. ಬಿಸಿಎ ಎಂಬುದರ ಬಾಲಕ್ಕೆ ಈ ಎರಡು ಪದ ಅಂಟಿಸಿದರೆ ಶುಲ್ಕವೂ ಒಂದು ಮೆಟ್ಟಿಲು ಮೇಲೇರುತ್ತದೆ. ಸಂಖ್ಯಾಶಾಸ್ತ್ರ ಕಲಿಸುವ ನನಗೆ ಇದರಿಂದ ಸಂತೋಷವಾಗಬೇಕು. ಪಿಯುಸಿ ಮುಗಿಸಿದ ಮಕ್ಕಳು ನಮ್ಮ ವಿಷಯದ ಹೆಸರು ಕೇಳಿದರೆ ಮುಖ ತಿರುಗಿಸುತ್ತಿದ್ದ ಕಾಲವೊಂದಿತ್ತು. ಈಗ ಪೋಷಕರೇ ಬಂದು ‘ಸ್ಟ್ಯಾಟಿಸ್ಟಿಕ್ಸ್ ಇರುವ ಕಾಂಬಿನೇಷನ್ ಇದೆಯೇ ಸರ್’ ಎಂದು ವಿಚಾರಿಸುತ್ತಾರೆ. ಸಂತೋಷವೇನೋ ಆಗಿದೆ. ಜೊತೆಗೆ ಒಂದು ತಕರಾರೂ ಇದೆ, ಅದನ್ನು ಹೇಳಲೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಡೇಟಾ ಸೈನ್ಸ್ ಕೋರ್ಸ್ ಬಂದ ಕೂಡಲೇ ಅದನ್ನು ಕಂಪ್ಯೂಟರ್ ವಿಭಾಗಕ್ಕೆ ಒಪ್ಪಿಸಿ ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂತು, ಲ್ಯಾಬ್ ಬಂತು. ಆದರೆ ವಿಶ್ಲೇಷಿಸಲು ದತ್ತಾಂಶ? ಅದಕ್ಕೆ ಐರಿಸ್ ಹೂವಿನ ಕೋಷ್ಟಕವಿದೆ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ತಮ್ಮ ಪ್ರಬಂಧವೊಂದರಲ್ಲಿ ಬಳಸಿದ ಅಳತೆಗಳು ಅವು: ಮೂರು ಪ್ರಭೇದ, ತಲಾ 50ರಂತೆ 150 ಹೂವು. ಅಳತೆಗಳನ್ನು ಒದಗಿಸಿದವರು ಫಿಶರ್ ಅಲ್ಲ, ಎಡ್ಗರ್ ಆಂಡರ್ಸನ್ ಎಂಬ ಸಸ್ಯವಿಜ್ಞಾನಿ. ಜಗತ್ತಿನಲ್ಲಿ ಯಂತ್ರಕಲಿಕೆ (ಮಷೀನ್ ಲರ್ನಿಂಗ್) ಕಲಿಯಲು ಕೂತ ಬಹುತೇಕರು ಮೊದಲು ಮುಟ್ಟುವುದು ಈ ಹೂವನ್ನೇ. ನಮ್ಮ ಸಸ್ಯಶಾಸ್ತ್ರದ ಸರ್ ಒಮ್ಮೆ ಪರದೆಯ ಮೇಲೆ ಇದನ್ನು ನೋಡಿ, “ಮೂರೂ ಪ್ರಭೇದವನ್ನು ಒಂದೇ ಜಾಗದಲ್ಲಿ ಕಿತ್ತರೋ, ಬೇರೆ ಬೇರೆ ಕಡೆಯೋ? ಒಂದು ಗಿಡದಿಂದ ಎಷ್ಟು ಹೂವು ತೆಗೆದರು?” ಎಂದು ಕೇಳಿದರು. ಕಂಪ್ಯೂಟರ್ ವಿಭಾಗದ ಯುವ ಸಹೋದ್ಯೋಗಿ ವಿನಯದಿಂದಲೇ, “ಇದು ಸಾಫ್ಟ್‌ವೇರ್ ಜೊತೆಗೇ ಬರುತ್ತದೆ ಸರ್” ಎಂದರು. “ಹೂವು ಸಾಫ್ಟ್‌ವೇರ್ ಜೊತೆ ಬರುವುದಿಲ್ಲವಲ್ಲಪ್ಪ!”

ನನ್ನ ತಕರಾರು ಇದೇ. ಅಂಕಿ ಎಲ್ಲಿ, ಯಾರ ಕೈಯಲ್ಲಿ, ಯಾವ ಉದ್ದೇಶಕ್ಕೆ ಹುಟ್ಟಿತು ಎಂದು ಬಲ್ಲವರು ಕಾಲೇಜಿನ ಬೇರೆ ಮಹಡಿಗಳಲ್ಲಿ ಕೂತಿದ್ದಾರೆ. ಅಂಕಿಯನ್ನು ಅರೆಯುವ ಯಂತ್ರ ಮಾತ್ರ ಒಂದೇ ಕೋಣೆಯಲ್ಲಿ ಬೀಗ ಹಾಕಿಕೊಂಡಿದೆ. ಅವರನ್ನು ಆ ಕೋಣೆಗೆ ‘ಅತಿಥಿ ಉಪನ್ಯಾಸ’ಕ್ಕೆ ಕರೆದು ಶಾಲು ಹೊದಿಸಿದರೆ ಸಾಲದು. ಪಾಠವನ್ನು ಅವರೇ ಮುಂದೆ ನಿಂತು ನಡೆಸಬೇಕು, ನಾವು ಪಕ್ಕದಲ್ಲಿರಬೇಕು.

ನಮ್ಮಲ್ಲಿ ಇದು ಶುರುವಾಗಿದ್ದು ಇತಿಹಾಸದ ಮೇಡಂ ಅವರಿಂದ. ಶಾಸನತಜ್ಞ ಬಿ.ಎಲ್. ರೈಸ್ ಅವರ ಶಾಸನಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟ, 1905ರದು, ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲು. ಅದರಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಕ್ರಮಸಂಖ್ಯೆಯಿದೆ: ಆನೇಕಲ್, ಹೊಸಕೋಟೆ, ನೆಲಮಂಗಲ, ಮಾಗಡಿ, ಹೀಗೆ. ಬಿಎ ವಿದ್ಯಾರ್ಥಿಗಳು ಒಬ್ಬೊಬ್ಬರು ಒಂದೊಂದು ತಾಲ್ಲೂಕು ಹಿಡಿದು, ಊರು, ಅರಸ, ಕಾಲ, ಬಗೆ ಎಂದು ಕೋಷ್ಟಕ ತುಂಬಬೇಕು. ದಾನಶಾಸನವೋ, ವೀರಗಲ್ಲೋ, ಕೆರೆ ಕಟ್ಟಿಸಿದ್ದೋ ಎಂಬುದು ಕೊನೆಯ ಕಾಲಂ. ಕೋಷ್ಟಕ ತುಂಬಿದ ಮೇಲೆ ನಾನು ಎಣಿಕೆ ಕಲಿಸುವುದು ಎಂದು ಮಾತಾಗಿತ್ತು. ನಿಜವಾದ ಪಾಠವೆಲ್ಲ ನಡೆದದ್ದು ಕೋಷ್ಟಕ ತುಂಬುವಾಗಲೇ.

ಕಾಲದ ಕಾಲಂ ಒಂದನ್ನೇ ನೋಡಿ. ಎಲ್ಲ ಶಾಸನಗಳಲ್ಲೂ ಇಸವಿ ಇರುವುದಿಲ್ಲ. ಇಲ್ಲದಾಗ ಲಿಪಿಯನ್ನೋ ಅರಸನ ಹೆಸರನ್ನೋ ನೋಡಿ ವಿದ್ವಾಂಸರು ‘ಸುಮಾರು 900’, ‘ಸುಮಾರು 950’ ಎಂದು ಅಂದಾಜು ಹಾಕುತ್ತಾರೆ. ಮಕ್ಕಳು ‘ಸುಮಾರು’ ಬಿಟ್ಟು 900 ಎಂದಷ್ಟೇ ಬರೆದುಕೊಂಡರು. ನಕ್ಷೆ ಎಳೆದಾಗ 900, 950, 1000ದಲ್ಲಿ ಎತ್ತರೆತ್ತರದ ಕಂಬಗಳು, ನಡುವೆ ತಗ್ಗು. ಒಬ್ಬ ಹುಡುಗ, 50 ವರ್ಷಕ್ಕೊಮ್ಮೆ ಶಾಸನ ಕೆತ್ತಿಸುವ ಪದ್ಧತಿಯಿತ್ತೇನೋ ಎಂದು ಬಹಳ ಗಂಭೀರವಾಗಿ ಬರೆದಿದ್ದ. ಮೇಡಂ ನಕ್ಕು, “ಅದು ಅರಸರ ಪದ್ಧತಿ ಅಲ್ಲ, ವಿದ್ವಾಂಸರ ಪದ್ಧತಿ” ಎಂದರು. ಆಗ ನನ್ನ ಸರದಿ ಬಂತು. ಜನಗಣತಿಯಲ್ಲಿ ವಯಸ್ಸು ಕೇಳಿದಾಗಲೂ ಹೀಗೆಯೇ: 30, 35, 40 ಎಂದು ಹೇಳುವವರು ಹೆಚ್ಚು, 33 ಅಥವಾ 37 ಎನ್ನುವವರು ಕಡಿಮೆ. 0 ಮತ್ತು 5ರಲ್ಲಿ ಕೊನೆಗೊಳ್ಳುವ ವಯಸ್ಸುಗಳಲ್ಲಿ ಜನ ಎಷ್ಟು ಗುಂಪುಗೂಡುತ್ತಾರೆ ಎಂದು ಅಳೆಯಲು ಜನಸಂಖ್ಯಾಶಾಸ್ತ್ರದಲ್ಲಿ ವಿಪಲ್ ಸೂಚ್ಯಂಕವಿದೆ. ಅದೇ ತರ್ಕವನ್ನು ಶಾಸನಗಳಿಗೂ ಹಚ್ಚಿದೆವು. ಕಂಬ ಏಕೆ ಎದ್ದಿತು ಎಂದು ಮೇಡಂ ಅವರಿಗೆ ಗೊತ್ತಿತ್ತು, ಎಷ್ಟು ಎದ್ದಿತು ಎಂದು ಅಳೆಯುವ ದಾರಿ ನನಗೆ. ಇಬ್ಬರಲ್ಲಿ ಒಬ್ಬರು ಆ ದಿನ ರಜೆ ಹಾಕಿದ್ದರೆ ಆ ಹುಡುಗನ ಊಹೆ ಅವನ ಪ್ರಾಜೆಕ್ಟ್ ವರದಿಯಲ್ಲಿ ಬೈಂಡ್ ಆಗಿ ಕೂರುತ್ತಿತ್ತು.

ಇಸವಿ ಇರುವ ಶಾಸನಗಳ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ಶಕವರ್ಷದ ಜೊತೆಗೆ ಸಂವತ್ಸರದ ಹೆಸರೂ ಇರುತ್ತದೆ. ಹತ್ತನೇ ಶತಮಾನದಿಂದೀಚೆಗೆ ದಕ್ಷಿಣದಲ್ಲಿ ನಡೆದುಬಂದ ಲೆಕ್ಕ ಸರಳ: ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. 2025ರ ಯುಗಾದಿಗೆ ಶಕ 1947 ಶುರುವಾಯಿತು, 12 ಕೂಡಿಸಿದರೆ 1959, ಶೇಷ 39, ಪ್ರಭವದಿಂದ ಎಣಿಸಿದರೆ 39ನೆಯದು ವಿಶ್ವಾವಸು. ಪಂಚಾಂಗ ತೆಗೆದು ನೋಡಿ, ಸರಿಯಾಗಿದೆ. ಬಿಸಿಎಯ ಹುಡುಗಿಯೊಬ್ಬಳು ಇದನ್ನು ನಾಲ್ಕು ಸಾಲಿನ ಪ್ರೋಗ್ರಾಂ ಮಾಡಿ ಇಡೀ ಕೋಷ್ಟಕದ ಮೇಲೆ ಓಡಿಸಿದಳು. ಹೊಂದದ ಸಾಲುಗಳೆಲ್ಲ ಕೆಂಪಾದವು. ಅವನ್ನೆಲ್ಲ ಅಳಿಸಿಬಿಡುವ ಉತ್ಸಾಹ ಅವಳದು. ದತ್ತಾಂಶ ಶುದ್ಧೀಕರಣ ಎಂದರೆ ಅದೇ ಎಂದು ಅವಳ ಪಠ್ಯದಲ್ಲಿದೆ. ಮೇಡಂ ಕೈ ಅಡ್ಡ ಹಿಡಿದರು. ಒಂದು ವರ್ಷದ ವ್ಯತ್ಯಾಸ ತಪ್ಪೇ ಅಲ್ಲ: ಕೆಲವರು ಕಳೆದ ವರ್ಷಗಳನ್ನು ಎಣಿಸುತ್ತಾರೆ, ಕೆಲವರು ನಡೆಯುತ್ತಿರುವ ವರ್ಷವನ್ನು. ಹತ್ತಿಪ್ಪತ್ತು ವರ್ಷದ ವ್ಯತ್ಯಾಸವಿದ್ದರೆ ಅಂಕಿಯನ್ನು ಓದಿದವರು ಎಡವಿರಬಹುದು, ಇಲ್ಲವೇ ಶಾಸನವೇ ಆಮೇಲೆ ಯಾರೋ ಕೆತ್ತಿಸಿಕೊಂಡ ಕೂಟಶಾಸನ, ಅಂದರೆ ನಕಲಿ, ಆಗಿರಬಹುದು. ಇತಿಹಾಸಕಾರರಿಗೆ ಬೇಕಾದ ಬಂಗಾರ ಇರುವುದೇ ಆ ಕೆಂಪು ಸಾಲುಗಳಲ್ಲಿ. ಅಳಿಸಬೇಕಿದ್ದುದನ್ನು ಪ್ರತ್ಯೇಕ ಹಾಳೆಗೆ ಎತ್ತಿಟ್ಟೆವು. ಆ ಹುಡುಗಿ ಈಗ ಮೇಡಂ ಬಳಿ ಹಳಗನ್ನಡ ಲಿಪಿ ಕಲಿಯುತ್ತಿದ್ದಾಳೆ.

ಕನ್ನಡ ವಿಭಾಗದವರು ಸೇರಿಕೊಂಡದ್ದು ಅಕ್ಷರದ ಕಾಟದಿಂದ. ಹಳೆಯ ಟಿಪ್ಪಣಿಗಳೆಲ್ಲ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿದ್ದವು. ಪೈಥಾನಿಗೆ ಕೊಟ್ಟರೆ ವಿಚಿತ್ರ ಚಿಹ್ನೆಗಳ ಸಾಲು. ಅವನ್ನು ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ ಯುನಿಕೋಡಿಗೆ ಬದಲಾಯಿಸಿದ ಮೇಲೂ ‘ಬೇಗೂರು’ ಎರಡೆರಡು ಊರಾಗಿ ಎಣಿಕೆಗೆ ಬಂತು. ಕಣ್ಣಿಗೆ ಎರಡೂ ಒಂದೇ. ಕಾರಣ ಹುಡುಕಿದರೆ, ಏತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಅದರ ಮುಂದಿನ ದೀರ್ಘದ ಗುರುತು ಎಂದು ಎರಡು ಸಂಕೇತಗಳಾಗಿಯೂ ಇಡಬಹುದು. ಒಂದೇ ರೂಪಕ್ಕೆ ತರದೆ ಹೋಲಿಸಿದರೆ ಕಂಪ್ಯೂಟರಿಗೆ ಅವೆರಡು ಬೇರೆ. ಹಾಗೆ ತರಲು ಸಿದ್ಧ ಆದೇಶವಿದೆ, ಒಂದು ಸಾಲಿನ ಕೆಲಸ. ಆದರೆ ಬೇಗೂರಿನ ಶಾಸನಗಳ ಎಣಿಕೆಯಲ್ಲಿ ಎಡವುವುದು ಸಣ್ಣ ವಿಷಯವಲ್ಲ, ಸುಮಾರು ಕ್ರಿ.ಶ. 890ರ ಹೊತ್ತಿನ, ಬೆಂಗಳೂರು ಎಂಬ ಹೆಸರು ಮೊದಲು ಸಿಗುವ ವೀರಗಲ್ಲು ಇರುವುದೇ ಅಲ್ಲಿ.

ವೀರಗಲ್ಲು ಹೆಚ್ಚಿರುವ ತಾಲ್ಲೂಕಿನಲ್ಲಿ ಕಾಳಗ ಹೆಚ್ಚು ನಡೆದಿರಬೇಕು ಎಂದು ತೀರ್ಮಾನಿಸುವುದು ಸುಲಭ. ಆದರೆ ಕೋಷ್ಟಕದಲ್ಲಿರುವುದು ನಡೆದದ್ದಲ್ಲ. ಉಳಿದು, ಯಾರದೋ ಕಣ್ಣಿಗೆ ಬಿದ್ದು, ಓದಿಸಿಕೊಂಡದ್ದು ಮಾತ್ರ ಅಲ್ಲಿದೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಅದು ಬೆಳಕಿಗೆ ಬಂದದ್ದು ಇತ್ತೀಚಿನ ವರ್ಷಗಳಲ್ಲಿ. ರೈಸ್ ಸಂಪುಟ ಆಧರಿಸಿದ ಯಾವ ಎಣಿಕೆಯಲ್ಲೂ ಕಿತ್ತಯ್ಯ ಇಲ್ಲ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಕೈಗೊಂಡಿದ್ದಾರೆ. ಅಂಥ ಕೆಲಸ ನಡೆದಂತೆಲ್ಲ ನಮ್ಮ ಮಕ್ಕಳ ಕೋಷ್ಟಕ ಹಳತಾಗುತ್ತದೆ, ಆಗಲಿ. ಮಾದರಿಯ ಪಕ್ಷಪಾತ ಎಂಬ ಅಧ್ಯಾಯವನ್ನು ಇದಕ್ಕಿಂತ ಚೆನ್ನಾಗಿ ಕಲಿಸಲು ನನ್ನ ಹತ್ತಿರ ಬೇರೆ ಉದಾಹರಣೆ ಇಲ್ಲ.

ಇದೆಲ್ಲ ಹೊಸತೆಂದು ಯಾರೂ ಭಾವಿಸಬೇಕಿಲ್ಲ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ 1931ರ ಡಿಸೆಂಬರ್‌ನಲ್ಲಿ ರೂಪುಗೊಂಡಾಗ ಅದರ ಹಿಂದಿದ್ದವರಲ್ಲಿ ಮಹಲನೋಬಿಸ್ ಭೌತಶಾಸ್ತ್ರದ ಅಧ್ಯಾಪಕರು, ಪ್ರಮಥನಾಥ ಬ್ಯಾನರ್ಜಿ ಅರ್ಥಶಾಸ್ತ್ರದವರು, ನಿಖಿಲ್ ರಂಜನ್ ಸೇನ್ ಅನ್ವಯಿಕ ಗಣಿತದವರು. ಸಂಸ್ಥೆಯ ಮೊದಲ ಮನೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಮಹಲನೋಬಿಸ್ ಅವರ ಕೋಣೆಯಲ್ಲಿ. ಅಂದರೆ ಒಂದು ಸ್ಟಾಫ್ ರೂಮ್ ಗೆಳೆತನ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರು ಆ ಸಂಸ್ಥೆಯಿಂದ ಕೇಂಬ್ರಿಜ್‌ಗೆ ಹೋದದ್ದು ಮಾನವಶಾಸ್ತ್ರದ ವಸ್ತುಸಂಗ್ರಹಾಲಯದ ಕೆಲಸಕ್ಕೆ: ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು. ಅಲ್ಲಿಯೇ ಫಿಶರ್ ಬಳಿ 1948ರಲ್ಲಿ ಪಿಎಚ್.ಡಿ. ಮುಗಿಸಿದರು. ಮೂಳೆ ಅಗೆದವರು ಒಬ್ಬರು, ಅಳೆದವರು ಇನ್ನೊಬ್ಬರು, ಸೂತ್ರ ಕಂಡವರು ಮತ್ತೊಬ್ಬರು. ನಾವು ತರಗತಿಯಲ್ಲಿ ಸೂತ್ರವನ್ನು ಬೋರ್ಡಿನ ಮೇಲೆ ಬರೆದು ಮೂಳೆಯನ್ನು ಮರೆತುಬಿಟ್ಟೆವು.

ಇನ್ನೆರಡು ಉದಾಹರಣೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ಬೆಂಗಳೂರಿನಲ್ಲಿ ಯಾರಿಗೂ ಮರೆತಿಲ್ಲ. ಹೊರವರ್ತುಲ ರಸ್ತೆಯ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ವಾರ ಅದು. ದಾಖಲೆಯಲ್ಲಿ ಸೆಪ್ಟೆಂಬರ್ 5ಕ್ಕೆ 131.6 ಮಿಲಿಮೀಟರ್ ಇದೆ. ಪತ್ರಿಕೆಗಳಿಂದ ನೀರು ನಿಂತ ಸುದ್ದಿಗಳನ್ನು ಆಯ್ದು ದಿನಾಂಕವಾರು ಜೋಡಿಸಿದ ಮಕ್ಕಳಿಗೆ ಮಳೆಗಿಂತ ಪ್ರವಾಹವೇ ಮೊದಲು ಬಂದಂತೆ ಕಂಡಿತು. ಭೂಗೋಳದ ಸರ್ ಒಂದೇ ವಾಕ್ಯದಲ್ಲಿ ಬಿಡಿಸಿದರು: ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಸುರಿದದ್ದು ಭಾನುವಾರ ರಾತ್ರಿ, ಲೆಕ್ಕ ಸೋಮವಾರದ್ದು.

ಇನ್ನು ವಾರ್ಡುಗಳು. ನಗರದ ಕುರಿತ ಯಾವ ಪ್ರಾಜೆಕ್ಟಿಗೂ ವಾರ್ಡುವಾರು ಜನಸಂಖ್ಯೆ ಬೇಕೇ ಬೇಕು. ಅದು ಸಿಗುವುದು 2011ರ ಜನಗಣತಿಯಲ್ಲಿ, ಆಗಿದ್ದ 198 ವಾರ್ಡುಗಳಿಗೆ. 2021ರಲ್ಲಿ ಜನಗಣತಿ ನಡೆಯಲಿಲ್ಲ. 2023ರಲ್ಲಿ ವಾರ್ಡುಗಳು 225 ಆದವು, 2025ರಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಹೆಸರು ಅದೇ, ಗಡಿ ಬೇರೆ. ಕಂಪ್ಯೂಟರ್ ಹೆಸರು ನೋಡಿ ಎರಡು ಕೋಷ್ಟಕಗಳನ್ನು ನಿಶ್ಚಿಂತೆಯಿಂದ ಹೊಲಿದುಬಿಡುತ್ತದೆ. ತಡೆಯುವವರು ರಾಜ್ಯಶಾಸ್ತ್ರದ ಮೇಡಂ. ಕ್ಷೇತ್ರ ಪುನರ್‌ವಿಂಗಡಣೆ ಅವರ ಪಾಠ. ಅವರು ಡೇಟಾ ಸೈನ್ಸ್ ಪಠ್ಯಕ್ರಮ ಸಮಿತಿಯಲ್ಲಿಲ್ಲ.

ಹಾಗಾದರೆ ಏಕೆ ಎಲ್ಲ ಕಾಲೇಜುಗಳಲ್ಲೂ ಹೀಗೆ ನಡೆಯುತ್ತಿಲ್ಲ? ಅಧ್ಯಾಪಕರಿಗೆ ಆಸಕ್ತಿ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಯಮಗಳನ್ನೊಮ್ಮೆ ಓದಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಯ ನೇರ ಬೋಧನೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14. ನಮ್ಮ ವೇಳಾಪಟ್ಟಿಯ ಚೌಕದಲ್ಲಿ ಒಂದು ಹೆಸರಿಗೆ ಮಾತ್ರ ಜಾಗ. ಇಬ್ಬರು ಒಟ್ಟಿಗೆ ತರಗತಿಗೆ ಹೋದರೆ ಒಬ್ಬರ ಗಂಟೆ ಲೆಕ್ಕಕ್ಕೆ ಬರುತ್ತದೆ, ಇನ್ನೊಬ್ಬರದು ಸೇವೆ.

ಸಂಶೋಧನೆಯ ಅಂಕಗಳದ್ದು ಇನ್ನೂ ಚಂದ. ಅದೇ ನಿಯಮಾವಳಿಯಲ್ಲಿ ಇಬ್ಬರು ಸೇರಿ ಪ್ರಬಂಧ ಬರೆದರೆ ಪ್ರಕಟಣೆಯ ಅಂಕದಲ್ಲಿ ತಲಾ ಶೇಕಡ 70. ಇಬ್ಬರಿಗಿಂತ ಹೆಚ್ಚಾದರೆ ಮುಖ್ಯ ಲೇಖಕರಿಗೆ 70, ಉಳಿದವರಿಗೆ ತಲಾ 30. ಅಂದರೆ ಮೂರನೆಯವರನ್ನು ಕರೆದ ಗಳಿಗೆಯಲ್ಲಿ ಎರಡನೆಯವರ ಪಾಲು 70ರಿಂದ 30ಕ್ಕೆ ಬೀಳುತ್ತದೆ. ಶಾಸನದ ಕೆಲಸಕ್ಕೆ ಇತಿಹಾಸ, ಸಂಖ್ಯಾಶಾಸ್ತ್ರ, ಕಂಪ್ಯೂಟರ್, ಕನ್ನಡ, ಹೀಗೆ ನಾಲ್ವರು ಬೇಕು. ಬಡ್ತಿಯ ಅರ್ಜಿ ತುಂಬುವಾಗ ಆ ನಾಲ್ವರಲ್ಲಿ ಮೂವರು ಕೈಕೈ ಹಿಸುಕಿಕೊಳ್ಳಬೇಕು. ಅಂತರ್‌ಶಿಸ್ತೀಯ ಅಧ್ಯಯನ ಎಂದು ಎಲ್ಲ ವರದಿಗಳೂ ಬಾಯ್ತುಂಬ ಹೇಳುತ್ತವೆ. ಅಂಕಪಟ್ಟಿ ಮಾತ್ರ ಇಬ್ಬರೇ ಸಾಕು ಎನ್ನುತ್ತದೆ. ನನ್ನ ಮಟ್ಟಿಗೆ ಹೊಸ ಲ್ಯಾಬಿಗಿಂತ ಮೊದಲು ತಿದ್ದಬೇಕಾದದ್ದು ಈ ಒಂದು ಸಾಲು.

ಅತಿಥಿ ಉಪನ್ಯಾಸಕರ ಗತಿಯಂತೂ ಕೇಳುವುದೇ ಬೇಡ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅವರ ಸಂಖ್ಯೆ ಹತ್ತು ಸಾವಿರ ದಾಟುತ್ತದೆ. ಪೈಥಾನ್ ಬಲ್ಲ ಯುವಕರು ಬಹುಮಟ್ಟಿಗೆ ಅವರಲ್ಲೇ ಇದ್ದಾರೆ, ಮತ್ತು ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೆಯೇ ಎಂದು ಅವರಿಗೇ ಗೊತ್ತಿಲ್ಲ. ಅಂಥವರನ್ನು ಎರಡು ವರ್ಷದ ಸಂಶೋಧನೆಗೆ ಸೇರಿಕೊಳ್ಳಿ ಎಂದು ಯಾವ ಬಾಯಲ್ಲಿ ಕೇಳುವುದು?

ಪಠ್ಯಕ್ರಮವೂ ನಿಂತ ನೆಲದಲ್ಲಿ ನಿಲ್ಲುವುದಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದದ್ದು ನಮ್ಮ ರಾಜ್ಯ. 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನೀತಿಗಳ ಪರ ವಿರೋಧ ಇಲ್ಲಿ ಬೇಡ. ಮೊದಲ ವ್ಯವಸ್ಥೆಯಲ್ಲಿ ಬಿಎ ಮಕ್ಕಳಿಗೂ ಕೃತಕ ಬುದ್ಧಿಮತ್ತೆಯ ಪತ್ರಿಕೆ ಇತ್ತು, ಅದನ್ನು ಹಲವೆಡೆ ಕಾರ್ಯಭಾರ ಕಡಿಮೆ ಬಿದ್ದವರಿಗೆ ತುಂಬಲು ಕೊಟ್ಟರು. ಒಳ್ಳೆಯ ಅವಕಾಶ ಹಾಗೆ ಗಂಟೆ ಭರ್ತಿಯ ಸಾಮಗ್ರಿಯಾಯಿತು. ಎಫ್‌ಡಿಪಿ ಎಂಬ ಐದು ದಿನದ ಆನ್‌ಲೈನ್ ಅಧ್ಯಾಪಕ ತರಬೇತಿಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಕ್ಯಾಮೆರಾ ಆಫ್ ಮಾಡಿಕೊಂಡು ಅನ್ನಕ್ಕಿಟ್ಟು ಬಂದವರಿಗೂ ಪ್ರಮಾಣಪತ್ರ ಸಿಕ್ಕಿದೆ ಎಂದಷ್ಟೇ ಹೇಳಬಲ್ಲೆ.

ನಮ್ಮಲ್ಲಿ ಮೊದಲ ಅಡ್ಡಿ ಬಂದದ್ದು ಇದಾವುದರಿಂದಲೂ ಅಲ್ಲ, ಬೀಗದಿಂದ. ಕಂಪ್ಯೂಟರ್ ಲ್ಯಾಬ್ ಬಿಸಿಎ ಮಕ್ಕಳ ಶುಲ್ಕದಲ್ಲಿ ನಡೆಯುತ್ತದೆ. ಬಿಎಯವರು ಆ ಶುಲ್ಕ ಕಟ್ಟಿಲ್ಲ. ಆದ್ದರಿಂದ ಒಳಗೆ ಬರುವಂತಿಲ್ಲ. ತರ್ಕದಲ್ಲಿ ತಪ್ಪಿಲ್ಲ. ಪ್ರಾಂಶುಪಾಲರು ಕಡತ ತಿರುವಿ, ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರುವುದರಿಂದ ‘ಇತಿಹಾಸ ಸಂಘದ ಚಟುವಟಿಕೆ’ ಎಂದು ಬರೆದುಕೊಡಿ ಎಂದು ದಾರಿ ತೋರಿಸಿದರು. ಬೀಗದಕೈ ರಿಜಿಸ್ಟರಿನಲ್ಲಿ ಇತಿಹಾಸದ ಮೇಡಂ ಸಹಿ ಬಿತ್ತು. ಲ್ಯಾಬಿನ ಅಟೆಂಡರ್ ಅದನ್ನು ಎರಡು ಸಲ ಓದಿದರು. ಹಾಗೆ ಶುರುವಾದ ಶನಿವಾರಗಳಲ್ಲಿ ನಾನು ಬಹುತೇಕ ಹಿಂದಿನ ಬೆಂಚಿನಲ್ಲಿ ಕೂತಿರುತ್ತೇನೆ. ಕೋಡ್ ಬರೆಯುವ ಭಾಗ ಈಗ ಮೊದಲಿನಷ್ಟು ಭಾರವೂ ಅಲ್ಲ. ಮಕ್ಕಳು ಮೊಬೈಲಿನಲ್ಲೇ ಕೇಳಿ ಬರೆಸಿಕೊಳ್ಳುತ್ತಾರೆ. ಬಂದ ಉತ್ತರ ನಂಬಬಹುದೇ ಎಂಬ ಪ್ರಶ್ನೆಗೆ ಮಾತ್ರ ಯಾರಾದರೂ ವಿಷಯ ಬಲ್ಲವರು ಎದುರಿಗಿರಬೇಕು.

ಸದ್ಯಕ್ಕೆ ನಮ್ಮೊಳಗೇ ಒಂದು ಜಗಳ ನಡೆದಿದೆ. ಕೋಷ್ಟಕವನ್ನು ಎಲ್ಲರಿಗೂ ಸಿಗುವಂತೆ ಬಿಡುಗಡೆ ಮಾಡಬೇಕು, ಪ್ರತಿ ಕಲ್ಲಿನ ಅಕ್ಷಾಂಶ ರೇಖಾಂಶಗಳೂ ಅದರಲ್ಲಿರಬೇಕು ಎಂಬುದು ಕಂಪ್ಯೂಟರ್ ವಿಭಾಗದವರ ಪಟ್ಟು. ಮುಕ್ತ ದತ್ತಾಂಶವೆಂದರೆ ಅದೇ ಎನ್ನುತ್ತಾರೆ, ಪುಸ್ತಕದ ಪ್ರಕಾರ ಅವರು ಸರಿ. ಮೇಡಂ ಸುತರಾಂ ಒಪ್ಪುತ್ತಿಲ್ಲ. ಕಲ್ಲಿನ ಬುಡದಲ್ಲಿ ನಿಧಿ ಇದೆಯೆಂದು ಅಮಾವಾಸ್ಯೆಯ ರಾತ್ರಿ ಅಗೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಲೇಔಟಿಗೆ ಅಡ್ಡವೆಂದು ಜೆಸಿಬಿಯಿಂದ ಎತ್ತಿ ಬಿಸಾಡುವವರೂ ಇದ್ದಾರೆ, ಅವರಿಗೆ ನಕ್ಷೆ ಬರೆದುಕೊಡಲಾರೆ ಎನ್ನುತ್ತಾರೆ. ಊರಿನ ಹೆಸರು ಮಾತ್ರ ಹಾಕಿ ಜಾಗದ ಗುರುತನ್ನು ಕೇಳಿದವರಿಗೆ ವಿಚಾರಿಸಿ ಕೊಡೋಣ ಎಂಬುದು ನನ್ನ ಮಧ್ಯದ ದಾರಿ, ಅದು ಇಬ್ಬರಿಗೂ ಹಿಡಿಸಿಲ್ಲ. ಮಕ್ಕಳು ಎರಡು ಬಣವಾಗಿದ್ದಾರೆ. ಮುಂದಿನ ಶನಿವಾರ ಎರಡೂ ಕಡೆಯವರು ತಮ್ಮ ವಾದವನ್ನು ಒಂದೊಂದು ಪುಟ ಬರೆದು ತರಬೇಕೆಂದು ಹೇಳಿದ್ದೇವೆ, ಆಂತರಿಕ ಅಂಕ ಅದಕ್ಕೇ.